ಹಾಸಿಗೆಯಕ್ಕ ಕೇಳಿದ ನ್ಯಾಯ

ಬೀದಿಯಲ್ಲಿ ಒಂದು ಕೊಲೆಯಾದರೆ ಸಾಕು, ಪ್ರತಿ ಅಂಗಡಿಯಲ್ಲೂ ಒಬ್ಬ ನ್ಯಾಯಾಧೀಶ ಹುಟ್ಟಿಕೊಳ್ಳುತ್ತಾನೆ. ಈ ಬೀದಿಯಲ್ಲೂ ಹಾಗೇ ಆಯಿತು. ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಗಲ್ಲುಶಿಕ್ಷೆ ಕೊಟ್ಟ. ಔಷಧಿ ಅಂಗಡಿಯವರು ನಾಲ್ಕಕ್ಷರ ಓದಿಕೊಂಡವರು, ಅವರು ಜೀವಾವಧಿಗೆ ಇಳಿಸಿದರು. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. "ನಮ್ಮ ಕೈಗೆ ಕೊಡಿ ಸಾಕು" ಎಂದರು.

ಸತ್ತವನು ಹಾಸಿಗೆ ಅಂಗಡಿಯ ಯಜಮಾನ. ಯಾರ ತಂಟೆಗೂ ಹೋಗದ ಮನುಷ್ಯ. ಮುಂಜಾನೆ ಹಾಸಿಗೆಗಳನ್ನು ಗಾಡಿಗೆ ಏರಿಸಲು ಹೊರಟವನು, ಪಕ್ಕದ ಹತ್ತಿ ಮಳಿಗೆಯ ಬೀಗ ಒಡೆಯುತ್ತಿದ್ದ ಮೂವರನ್ನು ಕಂಡ. "ಯಾರೋ ಅದು?" ಎಂದು ಕೂಗಿದ. ಮೂವರಲ್ಲಿ ಇಬ್ಬರು ದೊಡ್ಡವರು, ಒಬ್ಬ ಹುಡುಗ. ಕಬ್ಬಿಣದ ರಾಡು ಇದ್ದದ್ದು ಹುಡುಗನ ಕೈಯಲ್ಲಿ. ಅವನು ಹೊಡೆದ. ಒಂದಲ್ಲ, ಎರಡು ಏಟು. ಯಜಮಾನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆಯೇ ಹೋಗಿಬಿಟ್ಟ.

ಹುಡುಗ ಹೊರಗಿನವನಲ್ಲ. ಬೀದಿಯ ತುದಿಯ ಪಂಚರ್ ಅಂಗಡಿಯಲ್ಲಿ ಟೈರು ಬಿಚ್ಚುತ್ತಿದ್ದವನು. ಹದಿನೆಂಟು ತುಂಬಿರಲಿಲ್ಲ. ಯಜಮಾನನ ಸೈಕಲ್ಲಿಗೆ ಎಷ್ಟೋ ಸಲ ಗಾಳಿ ಹಾಕಿಕೊಟ್ಟಿದ್ದ. ಯಜಮಾನನ ಹೆಂಡತಿಯನ್ನು ಬೀದಿಯವರೆಲ್ಲ ಹಾಸಿಗೆಯಕ್ಕ ಎಂದೇ ಕರೆಯುತ್ತಾರೆ. ಅವಳಿಗೆ ಎದೆ ಉರಿಯುತ್ತಿದ್ದದ್ದು ಅದಕ್ಕೇ. ಗುರುತು ಪರಿಚಯ ಇದ್ದವನೇ ಹೊಡೆದನಲ್ಲ!

ಪೊಲೀಸರು ಮೂವರನ್ನೂ ಹಿಡಿದರು. ದೊಡ್ಡವರಿಬ್ಬರು ಜೈಲಿಗೆ ಹೋದರು. ಹುಡುಗನನ್ನು ಮಕ್ಕಳ ನಿಲಯದಲ್ಲಿ ಇಟ್ಟರು. ಇಷ್ಟು ದೊಡ್ಡ ಅಪರಾಧ ಮಾಡಿದ, ಪ್ರಾಯಕ್ಕೆ ಹತ್ತಿರ ಬಂದ ಹುಡುಗರನ್ನು ಒಮ್ಮೊಮ್ಮೆ ದೊಡ್ಡವರ ಕೋರ್ಟಿಗೇ ಕಳಿಸುವುದುಂಟು. ಕಳಿಸಬೇಕೋ ಬೇಡವೋ ಎಂದು ಮಕ್ಕಳ ನ್ಯಾಯ ಮಂಡಳಿ ಮೊದಲು ವಿಚಾರಿಸುತ್ತದೆ. ಆ ವಿಚಾರಣೆಗೆ ಹಾಸಿಗೆಯಕ್ಕನಿಗೂ ಕರೆ ಬಂದಿತ್ತು. ಸತ್ತವನ ಹೆಂಡತಿ ಏನು ಕೇಳುತ್ತಾಳೆ ಎಂದು ಮಂಡಳಿಯವರು ತಿಳಿಯಬೇಕಿತ್ತು.

"ಏನು ಕೇಳೋದು? ದೊಡ್ಡ ಜೈಲಿಗೆ ಹಾಕಿ ಅನ್ನಿ. ನಾವೆಲ್ಲ ವ್ಯಾನ್ ಮಾಡ್ಕೊಂಡು ಜೊತೆಗೆ ಬರ್ತೀವಿ" ಎಂದು ಅಂಗಡಿಯವರೆಲ್ಲ ಧೈರ್ಯ ಹೇಳಿದರು. ಅವಳೂ ಅದನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದಳು.

ಹಾಸಿಗೆ ಹೊಲಿಯುವುದು ಇಬ್ಬರ ಕೆಲಸ. ಹತ್ತಿ ತುಂಬಿದ ಹಾಸಿಗೆಯನ್ನು ಮರದ ಚೌಕಟ್ಟಿಗೆ ನೆಟ್ಟಗೆ ನಿಲ್ಲಿಸಿ ಕಟ್ಟುತ್ತಾರೆ. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಈ ಕಡೆಯವರು ಉದ್ದನೆಯ ದಬ್ಬಳ ಚುಚ್ಚಿದರೆ ಆ ಕಡೆಯವರು ಎಳೆದುಕೊಂಡು, ದಾರ ಬಿಗಿದು, ಮತ್ತೆ ಈಚೆಗೆ ಚುಚ್ಚಬೇಕು. ನಡುವೆ ಹತ್ತಿಯ ಗೋಡೆ. ಒಬ್ಬರ ಕೈ ಒಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಚುಚ್ಚುವ ಮುಂಚೆ "ಬಂತು" ಅನ್ನಬೇಕು. ಆ ಕಡೆಯಿಂದ "ಹೂಂ" ಕೇಳಿದ ಮೇಲೆಯೇ ಚುಚ್ಚಬೇಕು. ಯಜಮಾನನ ಅಪ್ಪನ ಕಾಲದಿಂದ ಆ ಮನೆಯಲ್ಲಿ ಇದೇ ಪದ್ಧತಿ.

ಯಜಮಾನ ಕೂರುತ್ತಿದ್ದ ಜಾಗದಲ್ಲಿ ಈಗ ಮಗ ಕೂರುತ್ತಿದ್ದ. ಮನೆಯಲ್ಲಿ ಅವನ ಹೆಸರು ಪುಟ್ಟು. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಉದ್ದ ಬೆಳೆದರೂ ಅಜ್ಜಿಗೆ ಅವನು ಪುಟ್ಟುವೇ. ಹದಿನಾರು ದಾಟಿತ್ತು. ಅಪ್ಪ ಹೋದ ಮೇಲೆ ಅವನ ಮಾತು ಕಡಿಮೆಯಾಗಿತ್ತು.

ಒಂದು ದಿನ ದಬ್ಬಳ ಬಂತು, ಮಾತು ಬರಲಿಲ್ಲ. ಹಾಸಿಗೆಯಕ್ಕನ ಅಂಗೈಗೆ ಚುಚ್ಚಿ ರಕ್ತ ಬಂತು.

"ಬಂತು ಅನ್ನೋಕೆ ಏನೋ ಕಷ್ಟ ನಿಂಗೆ?" ಎಂದು ಅವಳು ಕೂಗಿದಳು.

ಹತ್ತಿಯ ಆ ಕಡೆಯಿಂದ ಪುಟ್ಟು ಹೇಳಿದ: "ಅವನು ಯಾವತ್ತಾದ್ರೂ ಹೊರಗೆ ಬರ್ತಾನಲ್ಲಮ್ಮ. ಅವತ್ತು ನಾನು ನೋಡ್ಕೋತೀನಿ."

ನೆಲದಲ್ಲಿ ಕುಳಿತು ಹತ್ತಿ ಬಿಡಿಸುತ್ತಿದ್ದ ಅತ್ತೆ, ಯಜಮಾನನ ತಾಯಿ, ತಲೆ ಎತ್ತಿದರು. "ಬರೋದೇ ಬೇಡ ಬಿಡು. ನಿಮ್ಮಮ್ಮ ಹೇಳ್ತಾಳೆ, ಸಾಯೋವರೆಗೂ ಒಳಗೇ ಇಡ್ತಾರೆ."

ಹಾಸಿಗೆಯಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಮಹಡಿಯ ಟೀಚರಮ್ಮನ ಬಳಿ ಹೋದಳು. ಟೀಚರಮ್ಮ ಬಾಡಿಗೆಗೆ ಇದ್ದವರು. ಪಕ್ಕದ ಊರಿನ ಮಕ್ಕಳ ನಿಲಯದಲ್ಲಿ, ತಪ್ಪು ಮಾಡಿ ಬಂದ ಹುಡುಗರಿಗೆ ಪಾಠ ಹೇಳುತ್ತಿದ್ದರು. ಆ ಮನೆಯಲ್ಲಿ ಔಷಧಿ ಪೆಟ್ಟಿಗೆ ಇದ್ದದ್ದು ಅವರ ಹತ್ತಿರ ಮಾತ್ರ. ಇಲ್ಲದಿದ್ದರೆ ಅವಳು ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

"ಅಂಥವರಿಗೇ ಪಾಠ ಹೇಳೋರು ನೀವು. ನನ್ನ ಮುಂದೆ ಅವನ ಪರ ಮಾತಾಡ್ಬೇಡಿ" ಎಂದು ಬಾಗಿಲಲ್ಲೇ ಹೇಳಿದಳು.

"ನಾನೆಲ್ಲಿ ಬಾಯಿ ಬಿಟ್ಟೆ? ಮೊದಲು ಕೈ ತೋರಿಸಿ" ಎಂದರು ಟೀಚರಮ್ಮ.

ಔಷಧಿ ಉರಿಯಿತು. ಉರಿಗೆ ಮಾತೂ ಹೊರಟಿತು.

"ಮಗು ಅಂತೆ ಮಗು! ಮೀಸೆ ಬಂದಿದೆ ಅವನಿಗೆ. ರಾಡ್ ಎತ್ತೋವಾಗ ಮಗು ಅನ್ನೋದು ಎಲ್ಲಿ ಹೋಗಿತ್ತು?"

"ಮಕ್ಕಳೂ ಘೋರ ಕೆಲಸ ಮಾಡ್ತಾರೆ ಅಕ್ಕ. ಅವನು ಮಾಡಿದ್ದು ಸಣ್ಣದು ಅಂತ ಯಾರೂ ಹೇಳ್ತಿಲ್ಲ."

"ಮತ್ತೆ? ನಾಲ್ಕು ಬುದ್ಧಿಮಾತು ಹೇಳಿ ಮನೆಗೆ ಕಳಿಸ್ತಾರೆ, ಅಷ್ಟೇ ತಾನೇ?"

"ಯಾರು ಹೇಳಿದ್ದು ನಿಮಗೆ? ನಮ್ಮಲ್ಲೂ ಗೇಟಿಗೆ ಬೀಗ ಇದೆ. ಇಷ್ಟು ದೊಡ್ಡ ತಪ್ಪಿಗೆ ವರ್ಷಗಟ್ಟಲೆ ಇರ್ಬೇಕು. ಓದ್ಬೇಕು, ಒಂದು ಕೆಲಸ ಕಲೀಬೇಕು, ಮಾಡಿದ್ದನ್ನ ಬಾಯಿ ಬಿಟ್ಟು ಹೇಳ್ಬೇಕು. ಆ ಕೊನೇದೇ ಅವರಿಗೆ ಕಷ್ಟ. ಜೈಲಲ್ಲಾದ್ರೆ ಗೋಡೆ ನೋಡ್ಕೊಂಡು ಕಾಲ ಕಳೀಬಹುದು."

ಹಾಸಿಗೆಯಕ್ಕ ಸುಲಭಕ್ಕೆ ಬಗ್ಗುವವಳಲ್ಲ. "ಸರಿ, ಇದಕ್ಕೆ ಉತ್ತರ ಹೇಳಿ. ದೊಡ್ಡವರಿಬ್ಬರು ಇದ್ರಲ್ಲ, ರಾಡನ್ನ ಹುಡುಗನ ಕೈಗೇ ಯಾಕೆ ಕೊಟ್ರು? ಇವನಿಗೆ ಶಿಕ್ಷೆ ಕಮ್ಮಿ ಅಂತ ತಾನೇ? ಕಾನೂನು ಮೆತ್ತಗಿದ್ರೆ ನಾಳೆ ಇನ್ನೊಬ್ಬ ಹುಡುಗನ ಕೈಗೆ ಕೊಡ್ತಾರೆ."

ಟೀಚರಮ್ಮ ಪಟ್ಟಿ ಸುತ್ತುವುದನ್ನು ನಿಲ್ಲಿಸಿದರು. "ನೀವು ಹೇಳಿದ್ದು ನಿಜ. ಹಾಗೆ ಕೊಡೋರು ಇದ್ದಾರೆ. ಮಕ್ಕಳನ್ನ ಮುಂದೆ ಬಿಟ್ಟು ಹಿಂದೆ ನಿಂತ್ಕೊಳ್ಳೋ ದೊಡ್ಡವರಿಗೆ ಅದಕ್ಕೇ ಬೇರೆ ಶಿಕ್ಷೆ ಆಗ್ಬೇಕು. ಅದನ್ನ ಮಂಡಳಿ ಮುಂದೆ ಗಟ್ಟಿಯಾಗಿ ಕೇಳಿ. ಆದ್ರೆ ಹುಡುಗನ್ನ ದೊಡ್ಡ ಜೈಲಿಗೆ ಹಾಕಿದ್ರೆ ಯಾರ ಪಕ್ಕದಲ್ಲಿ ಮಲಗ್ತಾನೆ ಹೇಳಿ? ಅಂಥವರ ಪಕ್ಕದಲ್ಲೇ. ರಾಡ್ ಕೊಟ್ಟೋರ ಹತ್ತಿರಾನೇ ಮುಂದಿನ ಪಾಠಕ್ಕೆ ಕಳಿಸಿದ ಹಾಗಾಗತ್ತೆ."

"ನಿಮ್ಮಲ್ಲಿ ಇಟ್ಟೂ ಸರಿಹೋಗದೇ ಇದ್ರೆ?"

"ಎಲ್ಲರೂ ಸರಿಹೋಗ್ತಾರೆ ಅಂತ ನಾನು ಸುಳ್ಳು ಹೇಳಲ್ಲ. ನನ್ನ ಹತ್ತಿರ ಓದಿದ ಒಬ್ಬ ಹೊರಗೆ ಹೋಗಿ ಮತ್ತೆ ಕಳ್ಳತನಕ್ಕೇ ಇಳಿದ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರ್ಲಿಲ್ಲ. ಇನ್ನೊಬ್ಬ ಒಂದು ಜೀವ ತೆಗೆದು ಬಂದವನು. ಈಗ ಬಡಗಿ ಕೆಲಸ ಮಾಡ್ಕೊಂಡಿದ್ದಾನೆ, ಯಾರ ಮೇಲೂ ಕೈ ಎತ್ತಿಲ್ಲ. ಆ ವಯಸ್ಸಲ್ಲಿ ಮುಂದೇನಾಗತ್ತೆ ಅನ್ನೋದು ಅವರ ಕಣ್ಣಿಗೆ ಕಾಣಲ್ಲ ಅಕ್ಕ. ಪಕ್ಕದಲ್ಲಿರೋ ದೊಡ್ಡವನ ಮುಖ ಮಾತ್ರ ಕಾಣತ್ತೆ. ಕೆಡೋದೂ ಬೇಗ, ತಿದ್ದೋಕಾಗೋದೂ ಆವಾಗ್ಲೇ."

ಹಾಸಿಗೆಯಕ್ಕ ಎದ್ದು ನಿಂತಳು. "ನಿಮ್ಮ ಗಂಡ ಇದ್ದಾರೆ, ಹೇಳ್ತೀರಿ" ಎಂದಳು.

ಟೀಚರಮ್ಮ ಪಟ್ಟಿಯ ತುದಿಗೆ ಗಂಟು ಹಾಕಿ ಕಳಿಸಿದರು.

ವಿಚಾರಣೆ ಹತ್ತಿರವಾಯಿತು. ಬೀದಿಯವರ ಮೊಬೈಲುಗಳಿಗೆ ಒಂದು ಫೋಟೋ ಬಂತು. ಪಂಚರ್ ಹುಡುಗನ ಮುಖ, ಕೆಳಗೆ ಅವನ ಮನೆಯ ವಿಳಾಸ, "ಎಲ್ಲರಿಗೂ ಕಳಿಸಿ" ಎಂಬ ಮಾತು. ಮೊದಲು ಕಳಿಸಿದವನು ಕ್ಷೌರದಂಗಡಿಯವನು. ಅವನ ಮಟ್ಟಿಗೆ ಅದು ಬೀದಿಗೆ ಮಾಡಿದ ಸೇವೆ. ಎಲ್ಲರೂ ಎಲ್ಲರಿಗೂ ಕಳಿಸಿದರು. ಪುಟ್ಟುವಿಗೂ ಬಂತು.

ಮಾರನೆಯ ಮಧ್ಯಾಹ್ನ ಹಾಸಿಗೆಯಕ್ಕ ದಬ್ಬಳ ಹಿಡಿದು "ಬಂತು" ಎಂದಳು. ಉತ್ತರವಿಲ್ಲ. "ಬಂತು ಕಣೋ" ಎಂದಳು. ಹಾಸಿಗೆಯ ಆ ಕಡೆ ಹೋಗಿ ನೋಡಿದರೆ ಮಣೆ ಖಾಲಿ. ಅಷ್ಟರಲ್ಲಿ ಪಂಚರ್ ಅಂಗಡಿಯವನು ಏದುಸಿರು ಬಿಡುತ್ತಾ ಓಡಿಬಂದ.

"ಅಕ್ಕಾ, ನಿಮ್ಮ ಹುಡುಗ ನಮ್ಮ ಅಂಗಡಿಲಿದ್ದ ಆ ಹುಡುಗನ ಮನೆ ಕಿಟಕಿಗೆ ಇಟ್ಟಿಗೆ ಬೀಸಿದ್ದಾನೆ. ಒಳಗೆ ಅವನ ತಾಯಿ ಇದ್ಲು. ಹಣೆ ಒಡೆದುಹೋಗಿದೆ. ಪೊಲೀಸ್ ಬಂದ್ರು."

ಅವಳು ದಬ್ಬಳ ಅಲ್ಲೇ ಬಿಸಾಡಿದಳು. ಕಾಲಿಗೆ ಚಪ್ಪಲಿಯೂ ಇಲ್ಲದೆ ಠಾಣೆಗೆ ಓಡಿದಳು.

ಠಾಣೆಯ ಹಿಂದಿನ ಕೋಣೆಯಲ್ಲಿ ಪುಟ್ಟು ಕುರ್ಚಿಯ ಮೇಲೆ ಕುಳಿತಿದ್ದ. ಕೈಗೆ ಬೇಡಿ ಇರಲಿಲ್ಲ. ಎದುರಿಗೆ ಮಕ್ಕಳ ಕೇಸು ನೋಡುವ ಅಧಿಕಾರಿಣಿ, ಮೈಮೇಲೆ ಸಮವಸ್ತ್ರವಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ ಪಂಚರ್ ಹುಡುಗನ ತಾಯಿ. ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಹೆಂಗಸು. ಹಣೆಗೆ ಪಟ್ಟಿ ಕಟ್ಟಿದ್ದರು, ಸೆರಗಿನ ಮೇಲೆ ರಕ್ತ ಒಣಗಿತ್ತು.

ಹಾಸಿಗೆಯಕ್ಕ ಅವಳ ಕಡೆ ನೋಡಲಿಲ್ಲ. ನೇರ ಮೇಜಿನ ಮುಂದೆ ಹೋಗಿ ಕೈ ಮುಗಿದಳು.

"ಮೇಡಂ, ಅವನು ಹುಡುಗ ಮೇಡಂ. ಇನ್ನೂ ಬುದ್ಧಿ ಬಂದಿಲ್ಲ. ಹಿಂದೆ ಮುಂದೆ ಯೋಚನೆ ಮಾಡದೆ, ಯಾರೋ ದೊಡ್ಡವರು ಕಳಿಸಿದ್ದನ್ನ ನೋಡಿ, ಏನೋ ಸಿಟ್ಟಲ್ಲಿ…"

ಮಾತು ಅಲ್ಲಿಗೇ ನಿಂತಿತು. ಇದು ಟೀಚರಮ್ಮ ಹೇಳಿದ್ದ ಮಾತೇ ಎಂದು ಅವಳಿಗೇ ಗೊತ್ತಾಗಿಹೋಯಿತು.

ಬೆಂಚಿನಿಂದ ಆ ತಾಯಿ ಹೇಳಿದಳು: "ಯಾಕೆ ನಿಲ್ಲಿಸಿದ್ರಿ? ಹೇಳಿ. ನನ್ನ ಮಗನನ್ನ ಹಿಡ್ಕೊಂಡು ಹೋದ ಮೇಲೆ ಇದನ್ನೇ ಹೇಳೋಕೆ ಒಂದಿನ ನಿಮ್ಮ ಬಾಗಿಲಿಗೆ ಬಂದಿದ್ದೆ. ನೀವು ಚಿಲಕ ಹಾಕ್ಕೊಂಡ್ರಿ. ನಿಮ್ಮ ಜಾಗದಲ್ಲಿ ನಾನಿದ್ರೂ ಹಾಕ್ಕೋತಿದ್ದೆ ಬಿಡಿ."

ಅಧಿಕಾರಿಣಿ ಆಕೆಯನ್ನೇ ಕೇಳಿದರು: "ಎರಡು ಬೆರಳು ಕೆಳಗೆ ಬಿದ್ದಿದ್ರೆ ನಿಮ್ಮ ಕಣ್ಣು ಹೋಗ್ತಿತ್ತು. ನಿಮಗೇನು ಬೇಕು, ಹೇಳಿ."

"ಸುಮ್ನೆ ಬಿಟ್ಬಿಡಿ ಅಂತ ನಾನು ಹೇಳಲ್ಲ. ನೋವಾಗಿದೆ ನನಗೆ. ಏನು ಮಾಡ್ದ ಅಂತ ಅವನ ಬಾಯಲ್ಲೇ ಬರ್ಲಿ. ಕಳ್ಳಕಾಕರ ಜೊತೆ ಮಾತ್ರ ಕೂಡಿಹಾಕ್ಬೇಡಿ. ಅಲ್ಲಿಂದ ಯಾರೂ ಮನುಷ್ಯರಾಗಿ ವಾಪಸ್ ಬರೋದನ್ನ ನಾನು ಕಂಡಿಲ್ಲ."

ಪುಟ್ಟು ತಲೆ ತಗ್ಗಿಸಿದ್ದ. "ಇಟ್ಟಿಗೆ ನಾನೇ ಎಸೆದೆ" ಎಂದ ಕೊನೆಗೆ. "ಒಳಗೆ ಯಾರೂ ಇಲ್ಲ ಅನ್ಕೊಂಡೆ." ಆಮೇಲೆ, "ಇದ್ದಾರೆ ಅಂತ ಗೊತ್ತಿದ್ರೂ ಎಸೀತಿದ್ದೆ ಅನ್ಸತ್ತೆ" ಎಂದ.

ಹಾಸಿಗೆಯಕ್ಕ ಗೋಡೆ ಹಿಡಿದುಕೊಂಡಳು. ತಾನು ಹೆತ್ತ ಮಗ, ತಾನು ಉಣ್ಣಿಸಿ ಬೆಳೆಸಿದ ಮಗ. ಅವನು ಒಡೆದದ್ದು ಒಂದು ಹಣೆ, ಆ ಹುಡುಗ ತೆಗೆದದ್ದು ಒಂದು ಜೀವ. ಎರಡೂ ಒಂದೇ ಅಲ್ಲ, ಎಂದಿಗೂ ಒಂದಾಗುವುದಿಲ್ಲ. ಆದರೆ ಎರಡರ ನಡುವೆ ಇದ್ದ ದೂರ ತಾನು ತಿಳಿದಷ್ಟು ದೊಡ್ಡದಲ್ಲ ಎಂದು ಅವಳಿಗೆ ಅರ್ಥವಾಯಿತು.

ಪುಟ್ಟುವಿನ ಕೇಸೂ ಅದೇ ಮಂಡಳಿಗೆ ಹೋಯಿತು. ತಾಯಿಯ ಜವಾಬ್ದಾರಿಯ ಮೇಲೆ ಅವನನ್ನು ಮನೆಗೆ ಕಳಿಸಿದರು. ಆ ಹೆಂಗಸಿನ ಒಡೆದ ಕಿಟಕಿಯನ್ನು ಅವನೇ ಹೋಗಿ, ಅವಳ ಕಣ್ಣ ಮುಂದೆಯೇ ಸರಿಮಾಡಿಕೊಡಬೇಕು ಎಂದೂ ಆಯಿತು. ಅವಳು ಅವನಿಗೆ ಕುಡಿಯಲು ನೀರನ್ನೂ ಕೊಡಲಿಲ್ಲವಂತೆ, ಬೈಯಲೂ ಇಲ್ಲವಂತೆ. ಸುಮ್ಮನೆ ನೋಡುತ್ತಾ ನಿಂತಿದ್ದಳಂತೆ. ಅದಕ್ಕಿಂತ ಎರಡೇಟು ಬಿದ್ದಿದ್ದರೆ ವಾಸಿಯಿತ್ತು ಎಂದು ಪುಟ್ಟು ಮನೆಗೆ ಬಂದು ಹೇಳಿದ.

ಮನೆಯಲ್ಲಿ ಅತ್ತೆಗೆ ಸಮಾಧಾನವಿಲ್ಲ. "ನಮ್ಮ ಪುಟ್ಟುವನ್ನ ಜೈಲಿಗೆ ಹಾಕಿದ್ರೆ ನಾನು ಉಳೀತಿರ್ಲಿಲ್ಲ" ಎಂದರು.

"ಮತ್ತೆ ಅವನನ್ನ ಹಾಕಿದ್ರೆ, ಅತ್ತೆ?"

"ಅವನ ಮಾತೇ ಬೇರೆ. ಅವನು ನನ್ನ ಮಗನ್ನ ಕೊಂದ."

"ಬೇರೇನೇ. ಅದಕ್ಕೇ ಅವನು ವರ್ಷಗಟ್ಟಲೆ ಒಳಗಿರ್ಬೇಕು. ಎಲ್ಲಿ ಇರ್ಬೇಕು ಅನ್ನೋದನ್ನಷ್ಟೇ ನಾನು ಕೇಳ್ತಿರೋದು."

ಅತ್ತೆ ಹತ್ತಿ ಬಿಡಿಸುತ್ತಾ ಕುಳಿತರು. ಆಮೇಲೆ ಹತ್ತಿಯ ರಾಶಿ ಪಕ್ಕಕ್ಕೆ ತಳ್ಳಿ, "ವಿಚಾರಣೆಗೆ ನಾನೂ ಬರ್ತೀನಿ. ನನಗೆ ಅವನನ್ನ ಒಂದು ಮಾತು ಕೇಳ್ಬೇಕು" ಎಂದರು.

ವಿಚಾರಣೆಯ ಕೋಣೆ ಕೋರ್ಟಿನ ಹಾಗೆ ಇರಲಿಲ್ಲ. ಒಂದು ಮೇಜು, ಕೆಲವು ಕುರ್ಚಿ, ಕಿರುಗುಟ್ಟುವ ಫ್ಯಾನು. ವ್ಯಾನಿನಲ್ಲಿ ಬಂದ ಅಂಗಡಿಯವರನ್ನು ಗೇಟಿನಲ್ಲೇ ನಿಲ್ಲಿಸಿದ್ದರು. ಮಕ್ಕಳ ವಿಚಾರಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಹುಡುಗ ಒಂದು ಕಡೆ ಕುಳಿತಿದ್ದ, ಪಕ್ಕದಲ್ಲಿ ಅವನ ವಕೀಲರು. ಅವನನ್ನು ನೋಡುತ್ತಲೇ ಹಾಸಿಗೆಯಕ್ಕನಿಗೆ ಮೈ ಉರಿಯಿತು. ಅವನ ಮೇಲೆ ಅವಳಿಗೆ ಕನಿಕರ ಹುಟ್ಟಲಿಲ್ಲ.

ಅತ್ತೆ ಮಂಡಳಿಯ ಮುಖ್ಯಸ್ಥರ ಅಪ್ಪಣೆ ಕೇಳಿ, ಅವನ ಕಡೆ ತಿರುಗಿದರು. "ಮೊದಲನೇ ಏಟು ಹೆದರಿ ಹೊಡೆದೆ ಅಂತಾರೆ. ಇರ್ಬಹುದು. ಎರಡನೇದು ಯಾಕಪ್ಪ ಹೊಡೆದೆ?"

ವಕೀಲರು ಮುಂದೆ ಬಾಗಿದರು. "ನೀನು ಉತ್ತರ ಕೊಡಲೇಬೇಕು ಅಂತೇನಿಲ್ಲ" ಎಂದು ಮುಖ್ಯಸ್ಥರೂ ಹುಡುಗನಿಗೆ ಹೇಳಿದರು.

ಹುಡುಗ ವಕೀಲರ ಕಡೆ ಒಮ್ಮೆ ನೋಡಿದ. ಆಮೇಲೆ, "ಅವರು ನನ್ನ ನೋಡಿದ್ರು" ಎಂದ. "'ನೀನಾ?' ಅಂದ್ರು. ಗುರುತು ಸಿಕ್ತು ಅಂತ ಗೊತ್ತಾಯ್ತು. ಹಿಂದಿನಿಂದ ಅವರಿಬ್ರು 'ಹೊಡಿ, ಹೊಡಿ' ಅಂತಿದ್ರು. ಹೊಡೆದೆ."

ತನ್ನ ಮಗನ ಕೊನೆಯ ಮಾತು "ನೀನಾ" ಎಂಬುದಾಗಿತ್ತೆಂದು ಆ ಮುದಿ ತಾಯಿಗೆ ಆಗಲೇ ತಿಳಿದದ್ದು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹಾಸಿಗೆಯಕ್ಕ ಅವರ ಭುಜ ಹಿಡಿದುಕೊಂಡಳು, ತಾನೂ ಅತ್ತಳು.

"ನೀವೇನು ಹೇಳ್ತೀರಮ್ಮ?" ಎಂದು ಮುಖ್ಯಸ್ಥರು ಕೇಳಿದರು.

ಅವಳು ಎದ್ದು ನಿಂತಳು. "ದೊಡ್ಡ ಜೈಲಿಗೆ ಹಾಕಿ ಅಂತ ಹೇಳೋಕೇ ಹೊರಟಿದ್ದೆ. ಬೀದಿಯವರೆಲ್ಲ ಗೇಟಲ್ಲಿ ಅದಕ್ಕೇ ಕಾಯ್ತಿದ್ದಾರೆ. ನಾನು ಅವನನ್ನ ಕ್ಷಮಿಸಿಲ್ಲ. ಕ್ಷಮಿಸಿದ್ಲು ಅಂತ ಎಲ್ಲೂ ಹೇಳ್ಬೇಡಿ. ಆದ್ರೆ ಈಗ ನಮ್ಮತ್ತೆಗೆ ಕೊಟ್ಟನಲ್ಲ ಉತ್ತರ, ಆ ಉತ್ತರ ನನಗೆ ಬೇಕು. ದೊಡ್ಡ ಜೈಲಿಗೆ ಹೋದ್ರೆ ಅದನ್ನ ನುಂಗೋದನ್ನೇ ಕಲೀತಾನೆ. ಮಕ್ಕಳ ಕಾನೂನಲ್ಲೇ ಇಟ್ಕೊಳ್ಳಿ. ಬೇಗ ಬಿಡ್ಬೇಡಿ. ಓದಿಸಿ, ದುಡಿಸಿ, ಮಾಡಿದ್ದನ್ನ ಮರೆಯೋಕೆ ಬಿಡ್ಬೇಡಿ. ಬಿಡೋ ಮುಂಚೆ ನನ್ನನ್ನ ಕರೆದು, ಅವನು ಏನಾಗಿದ್ದಾನೆ ಅಂತ ತೋರಿಸಿ. ಹಿಂದೆ ನಿಂತು 'ಹೊಡಿ' ಅಂದೋರನ್ನ ಮಾತ್ರ ಸುಮ್ನೆ ಬಿಡ್ಬೇಡಿ."

"ಅಜ್ಜಿ, ನೀವು?"

ಅತ್ತೆ ಮುಖ ಒರೆಸಿಕೊಂಡರು. "ನನಗೂ ಅದೇ. ಇನ್ನೊಂದು ಮನೆಯಲ್ಲಿ ಹೀಗಾಗ್ಬಾರ್ದು. ಅದಕ್ಕೆ ಏನು ಮಾಡ್ಬೇಕೋ ಅದನ್ನ ಮಾಡಿ."

ಮಂಡಳಿಯವರು ಎಲ್ಲರ ಮಾತು ಕೇಳಿ, ಹುಡುಗನ ಮನಸ್ಸು ಬಲ್ಲ ತಜ್ಞರನ್ನೂ ವಿಚಾರಿಸಿ, ಕೇಸನ್ನು ತಮ್ಮಲ್ಲೇ ಉಳಿಸಿಕೊಂಡರು. ಹುಡುಗನನ್ನು ಕಾವಲಿರುವ ನಿಲಯಕ್ಕೆ ಕಳಿಸಿದರು. ಮಗುವನ್ನು ಅಪರಾಧಕ್ಕೆ ಬಳಸಿಕೊಂಡದ್ದಕ್ಕೆ ದೊಡ್ಡವರಿಬ್ಬರ ಮೇಲೆ ಇನ್ನೊಂದು ಕೇಸು ಬಿತ್ತು.

ಗೇಟಿನ ಹೊರಗೆ ಸುದ್ದಿ ಕೇಳಿ ಕ್ಷೌರದಂಗಡಿಯವನು ಮುಖ ಗಂಟಿಕ್ಕಿದ. "ಏನಕ್ಕ, ಮೆತ್ತಗಾಗ್ಬಿಟ್ರಾ?"

"ನಿನ್ನ ಮೊಬೈಲಿಂದ ಹೊರಟ ಫೋಟೋ ನನ್ನ ಮಗನ ಕೈಗೆ ಇಟ್ಟಿಗೆ ಕೊಡ್ತು" ಎಂದಳು ಹಾಸಿಗೆಯಕ್ಕ. "ಅದು ಗೊತ್ತಿದ್ಯಾ ನಿಂಗೆ?"

ವ್ಯಾನಿನಲ್ಲಿ ಮರಳುವಾಗ ಅವನು ಫೋನು ತೆಗೆದು ಆ ಫೋಟೋ ಅಳಿಸಿದ. ಆದರೆ ಅವನು ಕಳಿಸಿದ್ದು ಉಳಿದವರ ಫೋನುಗಳಲ್ಲಿ ಇನ್ನೂ ಇದೆ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಬೀದಿಯಲ್ಲಿ ಇಂಥದ್ದು ನಡೆಯದಿರಲಿ. ನಡೆದರೆ ಮೊದಲು ಪೊಲೀಸರಿಗೆ ತಿಳಿಸಿ, ನೀವೇ ಕೈ ಎತ್ತಬೇಡಿ. ತಪ್ಪು ಮಾಡಿದ ಮಗುವಿನ ಮುಖ, ಹೆಸರು, ಮನೆಯನ್ನು ಯಾರಿಗೂ ಕಳಿಸಬೇಡಿ, ನಿಮಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ನೊಂದವರು ನೀವಾಗಿದ್ದರೆ ಬಾಯಿ ಮುಚ್ಚಿಕೊಂಡು ಕೂರಬೇಡಿ, ನಿಮ್ಮ ನೋವನ್ನು ವಿಚಾರಣೆ ಮಾಡುವವರ ಮುಂದೆ ಪೂರ್ತಿ ಹೇಳಿ. ಕಾನೂನು ತಿಳಿಯದಿದ್ದರೆ ಹತ್ತಿರದ ಉಚಿತ ಕಾನೂನು ನೆರವಿನವರನ್ನು ಕೇಳಿ. ಮಗುವಿನ ಹಿಂದೆ ನಿಂತ ದೊಡ್ಡವರಿಗೆ ಶಿಕ್ಷೆಯಾಗಲಿ ಎಂದು ಪಟ್ಟು ಹಿಡಿಯಿರಿ. ಮಗುವಿಗೂ ಶಿಕ್ಷೆ ಬೇಕು, ಮಗುವನ್ನು ತಿದ್ದುವಂಥ ಶಿಕ್ಷೆ.

ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೂ "ದೊಡ್ಡ ಜೈಲಿಗೆ ಹಾಕಿ" ಎನ್ನುವ ಮುಂಚೆ ಒಂದು ಗಳಿಗೆ ನಿಂತು ಯೋಚಿಸಿ. ಆ 'ಹೊಡಿ' ಅಂದವರ ಪಕ್ಕದಲ್ಲಿ ಬೆಳೆದ ಹುಡುಗನೂ ಒಂದು ದಿನ ಹೊರಗೆ ಬರುತ್ತಾನೆ, ಮಾಡಿದ್ದನ್ನು ಒಪ್ಪಿಕೊಳ್ಳಲು ಕಲಿತ ಹುಡುಗನೂ ಬರುತ್ತಾನೆ. ನಿಮ್ಮ ಮಕ್ಕಳು ನಡೆದಾಡುವ ಬೀದಿಗೆ ಅವರಲ್ಲಿ ಯಾರು ಬರಬೇಕು, ಹೇಳಿ.